ನಕ್ಷೆಯೊಳಗಿನ ನೀರು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಹುಟ್ಟಿದವರಿಗೆ ಒಂದು ಸೌಲಭ್ಯವಿದೆ: ಕೂತಲ್ಲಿಂದ ಏಳದೆ ಜಿಲ್ಲೆ ಬದಲಿಸಬಹುದು. ಉಚ್ಚಂಗೆಪ್ಪ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಹೈಸ್ಕೂಲು ಓದಿದ್ದು ದಾವಣಗೆರೆ ಜಿಲ್ಲೆಯಲ್ಲಿ, ಮದುವೆಯಾದದ್ದೂ ಅಲ್ಲೇ. ಮಗಳು ಶಾಲೆಗೆ ಹೊರಡುವ ಹೊತ್ತಿಗೆ ಊರು ತಿರುಗಿ ಬಳ್ಳಾರಿಗೆ ಹೋಗಿತ್ತು. ಅವಳಿಗೆ ಮಗ್ಗಿ ಬಾಯಿಪಾಠ ಆಗುವಷ್ಟರಲ್ಲಿ ವಿಜಯನಗರ ಸೇರಿತ್ತು. ಮನೆ ಮುಂದಿನ ಬೇವಿನ ಮರ ಮಾತ್ರ ಇದ್ದಲ್ಲೇ ಇತ್ತು. ಅದಕ್ಕೆ ಯಾರೂ ಆದೇಶದ ಪ್ರತಿ ಕಳಿಸಿರಲಿಲ್ಲ.

ಇಂಥ ಊರಿನವನು ಭೂಗೋಳ ಓದಿದ್ದು ತಪ್ಪಲ್ಲ. ಅದನ್ನೇ ನಂಬಿ ಬದುಕಲು ಹೊರಟದ್ದು ಸ್ವಲ್ಪ ತಪ್ಪು. ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಅವನು ಅತಿಥಿ ಉಪನ್ಯಾಸಕನಾದ. ಅತಿಥಿ ಎಂದರೆ ದೇವರಲ್ಲವೇ? ಅದಕ್ಕೇ ಸ್ಟಾಫ್ ರೂಮಿನಲ್ಲಿ ಅವನಿಗೆ ಕುರ್ಚಿ ಹಾಕಿರಲಿಲ್ಲ. ದೇವರು ಎಲ್ಲಾ ಕಡೆ ಇರುತ್ತಾನೆ, ನಿಂತಾದರೂ ಇರುತ್ತಾನೆ. ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿದ ಅವನು ಬೋರ್ಡಿನ ಮೇಲೆ ಒಂದೇ ಉಸಿರಿಗೆ ಆಫ್ರಿಕಾ ಖಂಡ ಬರೆಯುತ್ತಿದ್ದ. ಹುಡುಗರು ಅವನಿಗೆ ‘ಆಫ್ರಿಕಾ ಸರ್’ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಗೌರವವೆಂದೇ ತಿಳಿದಿದ್ದ.

ಹೀಗಿರುವಾಗ ಪಠ್ಯಕ್ರಮ ಬದಲಾಯಿತು. ಭೌಗೋಳಿಕ ಮಾಹಿತಿ ವ್ಯವಸ್ಥೆ, ಎಲ್ಲರ ಬಾಯಲ್ಲಿ ಜಿಐಎಸ್, ಎಂಬ ಹೊಸ ವಿಷಯ ಬಂತು. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಹೇಳಿಕೊಡಬೇಕು. ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆ ಇತ್ತು, ಅದಕ್ಕೆ ಬೀಗವೂ ಇತ್ತು. ಧೂಳು ಒಳಗೆ ಹೋದರೆ ಯಂತ್ರ ಕೆಡುತ್ತದೆ, ವಿದ್ಯಾರ್ಥಿಗಳು ಹೋದರೆ ಇನ್ನೂ ಬೇಗ ಕೆಡುತ್ತದೆ ಎಂಬುದು ಪ್ರಿನ್ಸಿಪಾಲರ ದೃಢವಾದ ನಂಬಿಕೆ. ಉಚ್ಚಂಗೆಪ್ಪ ಚಾಕ್‌ಪೀಸಿನಿಂದ ಬೋರ್ಡಿನ ಮೇಲೆ ದೊಡ್ಡದೊಂದು ಮೌಸ್ ಬರೆದು, ಎಡಗುಂಡಿ ಇದು, ಬಲಗುಂಡಿ ಇದು ಎಂದು ತೋರಿಸಿ ಮೊದಲ ಅಧ್ಯಾಯ ಮುಗಿಸಿದ.

ಆಮೇಲೆ ಅವನಿಗೇ ನಾಚಿಕೆಯಾಗಿ ಒಂದು ಹಳೆಯ ಲ್ಯಾಪ್‌ಟಾಪ್ ತಂದ. ಪುಕ್ಕಟೆ ಸಿಗುವ ನಕ್ಷೆ ತಂತ್ರಾಂಶವೊಂದನ್ನು ಇಳಿಸಿಕೊಂಡ. ಬಾಡಿಗೆ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಪ್ಲಗ್ಗು ಹೆಂಡತಿ ದುರ್ಗಾಳ ಹೊಲಿಗೆ ಮಷೀನಿನ ಪಕ್ಕದಲ್ಲಿತ್ತು. ಅವಳು ಓಣಿಯ ಹೆಂಗಸರ ಬ್ಲೌಸು ಹೊಲಿಯುವಳು. ಹೀಗೆ ಕೊಟ್ಟೂರಿನ ಆ ಮೂಲೆಯಲ್ಲಿ ಒಂದು ಕಡೆ ಕತ್ತರಿ, ಇನ್ನೊಂದು ಕಡೆ ಭೂಮಂಡಲ.

ತಂತ್ರಾಂಶಕ್ಕೆ ಲೋಕದಲ್ಲಿ ಗೊತ್ತಿರುವುದು ಬಿಂದು, ಗೆರೆ, ಆವರಣ ಎಂಬ ಆಕಾರಗಳು, ಅಷ್ಟೇ. ಬೋರ್‌ವೆಲ್ ಬಿಂದು, ರಸ್ತೆ ಗೆರೆ, ಹೊಲ ಮತ್ತು ಕೆರೆ ಆವರಣ. ಪ್ರತಿ ಆಕಾರದ ಬೆನ್ನಿಗೂ ಒಂದು ಕೋಷ್ಟಕ ಇರುತ್ತದೆ. ಹೆಸರೇನು, ಊರು ಯಾವುದು, ಯಾವಾಗ ನೋಡಿದ್ದು ಎಂಬುದನ್ನೆಲ್ಲ ಅದರಲ್ಲಿ ತುಂಬಬೇಕು. ಮನುಷ್ಯನಿಗೆ ಪ್ರತ್ಯೇಕ ಆಕಾರವಿಲ್ಲ. ಅವನು ಕೋಷ್ಟಕದ ಒಂದು ಮನೆಯಲ್ಲಿ ಜನಸಂಖ್ಯೆಯಾಗಿ ಕೂತರೆ ಸಾಕು.

“ಅದೇನ್ರಿ, ಒಂದರ ಮ್ಯಾಲೆ ಒಂದು ಹಾಕ್ಕಂತ ಹೊಂಟೀರಿ?” ಎಂದು ದುರ್ಗಾ ಕೇಳಿದಳು.

“ಲೇಯರ್ ಅಂತಾರ ಇದಕ್ಕ. ರಸ್ತಿದು ಒಂದು ಪದರ, ಕೆರಿದು ಒಂದು ಪದರ, ಹೊಲದ್ದು ಒಂದು. ಎಲ್ಲಾ ಕೂಡಿಸಿದ್ರ ಊರು.”

“ಬ್ಲೌಸಿಗೆ ಲೈನಿಂಗ್ ಕೊಟ್ಟಂಗ. ಲೈನಿಂಗ್ ಜರುಗಿದ್ರ ಮ್ಯಾಲಿನ ಬಟ್ಟಿ ಎಷ್ಟು ಚಂದ ಇದ್ರೂ ಕೆಡ್ತೈತಿ ನೋಡ್ರಿ.”

ಅವನನ್ನು ಬಹಳ ಕಾಡಿದ್ದು ಪ್ರಕ್ಷೇಪ. ಭೂಮಿ ದುಂಡಗಿದೆ, ಪರದೆ ಚಪ್ಪಟೆಯಾಗಿದೆ. ದುಂಡಗಿನದನ್ನು ಚಪ್ಪಟೆ ಮಾಡುವಾಗ ಏನಾದರೊಂದು ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಪುಟಗಟ್ಟಲೆ ಸೂತ್ರವಿತ್ತು. ದುರ್ಗಾ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, “ಚಪ್ಪಟಿ ಬಟ್ಟಿನ ದುಂಡನ ಮೈಗೆ ಕೂಡಿಸಬೇಕಂದ್ರ ಎಲ್ಲ್ಯಾರ ಒಂದ್ ಕಡಿ ಮಡಚಿ ಡಾಟ್ ಹಿಡೀಲೇಬೇಕಲ್ರಿ. ಎಲ್ಲಿ ಹಿಡೀಬೇಕು ಅನ್ನೋದು ಗೊತ್ತಿರಬೇಕು, ಅಷ್ಟ” ಎಂದಳು. ಮರುದಿನ ಉಚ್ಚಂಗೆಪ್ಪ ಇದನ್ನೇ ತರಗತಿಯಲ್ಲಿ ಹೇಳಿದ. ಯಾರು ಹೇಳಿದ್ದೆಂದು ಹೇಳುವುದನ್ನು ಮರೆತ. ವಿದ್ವಾಂಸರಿಗೆ ಇಂಥ ಮರೆವು ಸಹಜ.

ಬೇಸಿಗೆ ರಜೆ ಬಂತು. ರಜೆಯಲ್ಲಿ ಅತಿಥಿಗಳು ತಮ್ಮ ತಮ್ಮ ಮನೆಗೆ ಹೋಗಬೇಕಾದ್ದು ಧರ್ಮ, ಹಾಗಾಗಿ ಕಾಲೇಜು ಅವನನ್ನು ಬಿಟ್ಟುಕೊಟ್ಟಿತು. ಆಗಲೇ ಹಗರಿಬೊಮ್ಮನಹಳ್ಳಿಯಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಒಂದು ಖಾಸಗಿ ಸಂಸ್ಥೆ ಅವನನ್ನು ಕರೆಯಿತು. ಅದರ ವ್ಯವಸ್ಥಾಪಕ ಪ್ರವೀಣಕುಮಾರ್. ಆತ ಯಾವಾಗಲೂ ಕಾಡಿಗೆ ಹೊರಟವರ ಹಾಗೆ ಬೂಟು, ಜೇಬು ತುಂಬಿದ ಪ್ಯಾಂಟು ಹಾಕಿಕೊಂಡು ಏಸಿ ಕೋಣೆಯಲ್ಲಿ ಕೂತಿರುತ್ತಿದ್ದ.

“ನೋಡಿ ಸರ್,” ಎಂದ ಪ್ರವೀಣಕುಮಾರ್, “ಮಳೆ ಬಿದ್ದು ಹೊಸ ಹುಲ್ಲು ಚಿಗುರಿದ ತಕ್ಷಣ ಕುರಿಗಳಿಗೆ ಕರುಳುಬೇನೆ ಬರುತ್ತೆ. ಮಳೆಗೆ ಮೊದಲೇ ಲಸಿಕೆ ಹಾಕಬೇಕು. ಅಲೆಮಾರಿ ಕುರಿಗಾರರು ಎಲ್ಲಿ ಸಿಗ್ತಾರೆ? ನೀರಿದ್ದಲ್ಲಿ. ನೀರು ಎಲ್ಲಿದೆ? ಅದನ್ನ ನೀವು ಮ್ಯಾಪ್ ಮಾಡಿ ಕೊಡಿ. ನಮ್ಮ ವ್ಯಾನು ಸೀದಾ ಅಲ್ಲಿಗೇ ಹೋಗುತ್ತೆ.”

“ಊರೂರಿಗೆ ಹೋಗಿ ನೋಡಬೇಕೇನ್ರಿ?”

“ಅಯ್ಯೋ, ಬಿಸಿಲಲ್ಲಿ ಯಾಕೆ? ಕಂಪ್ಯೂಟರ್ ಇರೋದು ಯಾತಕ್ಕೆ?”

ಈ ಮಾತು ಉಚ್ಚಂಗೆಪ್ಪನಿಗೆ ಹಿಡಿಸಿತು. ಕೂಡ್ಲಿಗಿ ಕಡೆಯ ಹಳೆಯ ಸರ್ವೆ ನಕ್ಷೆಯೊಂದನ್ನು ಹುಡುಕಿ ತಂದು ಸ್ಕ್ಯಾನ್ ಮಾಡಿದ. ಅದರ ಮೂಲೆಗಳಲ್ಲಿ ಅಚ್ಚಾಗಿದ್ದ ಅಕ್ಷಾಂಶ, ರೇಖಾಂಶಗಳನ್ನು ತಂತ್ರಾಂಶಕ್ಕೆ ತಿಳಿಸಿ, ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡೆದಂತೆ ಆ ಕಾಗದವನ್ನು ಭೂಮಿಗೆ ಹೊಡೆದು ಕೂರಿಸಿದ. ಅದರಲ್ಲಿ ನೀಲಿ ಕಂಡಲ್ಲೆಲ್ಲ ಸುತ್ತ ಗೆರೆ ಎಳೆದು ಕೆರೆ ಮಾಡಿದ, ಕುಂಟೆ ಮಾಡಿದ. ನಕ್ಷೆ ತಯಾರಾದದ್ದು ಅವನ ತಂದೆಯ ಮದುವೆಗೂ ಮೊದಲು ಎಂದು ಅಂಚಿನಲ್ಲಿ ಸಣ್ಣಕ್ಷರದಲ್ಲಿತ್ತು. ಸಣ್ಣಕ್ಷರವನ್ನು ಓದಲು ಅವನಿಗೆ ಪುರುಸೊತ್ತಿರಲಿಲ್ಲ. ನೀಲಿಗಳಲ್ಲಿ ಯಾವ ನೀಲಿ ಎಂದು ಆರಿಸುವುದರಲ್ಲೇ ಒಂದು ವಾರ ಹೋಯಿತು. ಕೊನೆಗೆ ಕೂಡ್ಲಿಗಿ ತಾಲ್ಲೂಕು ಎಷ್ಟು ನೀಲಿಯಾಯಿತೆಂದರೆ, ದುರ್ಗಾ ಪರದೆ ನೋಡಿ, “ಇಷ್ಟ್ ನೀರು ಐತೇನ್ರಿ ಅಲ್ಲಿ? ಹಂಗಾದ್ರ ಕೊಟ್ಟೂರು ಬಿಟ್ಟು ಅಲ್ಲಿಗೇ ಹೋಗಾನ ಬರ್ರಿ. ಇಲ್ಲಿ ನಳದಾಗ ವಾರಕ್ಕೊಮ್ಮೆ ಬರ್ತೈತಿ” ಎಂದಳು.

ಅವಳು ಚೇಷ್ಟೆ ಮಾಡುತ್ತಿದ್ದಾಳೆಂದು ಅವನಿಗೆ ಹೊಳೆಯಲಿಲ್ಲ.

ಅಧಿಕಾರಿಗಳ ಮುಂದೆ ನಕ್ಷೆ ತೋರಿಸುವ ದಿನ ಬಂತು. ಪ್ರವೀಣಕುಮಾರ್ ದೀಪ ಹಚ್ಚಿಸಿ, ಗಿಡಕ್ಕೆ ನೀರೆರೆಸಿ, ಉಚ್ಚಂಗೆಪ್ಪನ ಕಡೆ ಕೈ ತೋರಿಸಿದ. ಉಚ್ಚಂಗೆಪ್ಪ ವ್ಯಾನು ನಿಲ್ಲಬೇಕಾದ ಸ್ಥಳಗಳ ಪದರವನ್ನು ತೆರೆದ. ಪರದೆಯ ಮೇಲೆ ಒಂದು ಬಿಂದುವೂ ಇಲ್ಲ. ಪದರ ಎಲ್ಲಿದೆಯೋ ಅಲ್ಲಿಗೆ ಹೋಗು ಎಂಬ ಗುಂಡಿ ಒತ್ತಿದ. ನಕ್ಷೆ ಗಿರ್ರನೆ ತಿರುಗಿ ಉತ್ತರಕ್ಕೆ ಹಾರಿತು. ದೆಹಲಿ ದಾಟಿತು, ಹಿಮಾಲಯ ದಾಟಿತು, ಉತ್ತರ ಧ್ರುವದ ಹತ್ತಿರ ಹೆಪ್ಪುಗಟ್ಟಿದ ಸಮುದ್ರದಲ್ಲಿ ಹೋಗಿ ನಿಂತಿತು. ಅಲ್ಲಿ ನೀರಿನ ಮೇಲೆ ಕರಡಿಧಾಮದ ಗುಡೇಕೋಟೆ ಮತ್ತು ಅದರ ಸುತ್ತಲಿನ ಹಟ್ಟಿಗಳು ಸಾಲಾಗಿ ತೇಲುತ್ತಿದ್ದವು.

“ಇದು ಯಾವ ಹೋಬಳಿ?” ಎಂದು ಒಬ್ಬ ಅಧಿಕಾರಿ ಗಂಭೀರವಾಗಿ ಕೇಳಿದರು.

“ಗುಡೇಕೋಟೆ ಕರಡಿಗೆ ಇನ್ನು ಬಿಳಿ ಕೂದಲು ಬರ್ತಾವ ಬಿಡ್ರಿ” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ಕಾರಣ ಉಚ್ಚಂಗೆಪ್ಪನಿಗೆ ಬೇಗ ತಿಳಿಯಿತು. ಕೋಷ್ಟಕದಲ್ಲಿ ಅಕ್ಷಾಂಶದ ಕಾಲಮ್ಮಿನಲ್ಲಿ ರೇಖಾಂಶವನ್ನೂ, ರೇಖಾಂಶದಲ್ಲಿ ಅಕ್ಷಾಂಶವನ್ನೂ ತುಂಬಿದ್ದ. ಅಡ್ಡದ್ದು ಉದ್ದಕ್ಕೆ, ಉದ್ದದ್ದು ಅಡ್ಡಕ್ಕೆ. ಅದಲು ಬದಲು ಮಾಡಿದ ಕೂಡಲೇ ಗುಡೇಕೋಟೆ ಕೂಡ್ಲಿಗಿ ತಾಲ್ಲೂಕಿಗೆ ಮರಳಿತು. ಎಲ್ಲರೂ ಎದ್ದುನಿಂತು ಚಪ್ಪಾಳೆ ಹೊಡೆದರು. ಧ್ರುವಸಮುದ್ರಕ್ಕೆ ಹೋಗಿದ್ದ ಊರು ಸುರಕ್ಷಿತವಾಗಿ ಬಂದ ಸಂತೋಷದಲ್ಲಿ, ನೀಲಿ ಬಣ್ಣದೊಳಗೆ ನಿಜಕ್ಕೂ ನೀರಿದೆಯೇ ಎಂದು ಕೇಳುವುದು ಯಾರಿಗೂ ನೆನಪಾಗಲಿಲ್ಲ. ಉಚ್ಚಂಗೆಪ್ಪನಿಗೂ ನೆನಪಾಗಲಿಲ್ಲ.

ವ್ಯಾನು ಹೊರಟಿತು. ಓಡಿಸುವವನು ಅಂಜಿನೇಯಲು, ಜೊತೆಗೆ ಲಸಿಕೆ ಹಾಕುವ ಡಾಕ್ಟರು, ಹಿಂದೆ ಐಸ್ ಡಬ್ಬಿ. ಉಚ್ಚಂಗೆಪ್ಪ ಮಹಡಿಯ ಕೋಣೆಯಲ್ಲಿ ಕೂತು ಫೋನಿನಲ್ಲಿ ದಾರಿ ತೋರಿಸುತ್ತಿದ್ದ.

“ಸರ, ನೀವು ಹೇಳಿದ ಕೆರಿ ನಡುಮಧ್ಯ ನಿಂತೀನಿ” ಎಂದ ಅಂಜಿನೇಯಲು.

“ಭೇಷ್. ಕುರಿ ಕಾಣ್ತಾವ?”

“ಕುರಿ ಹಾಳಾಗ್ಲಿ, ನೀರೇ ಕಾಣವಲ್ದು. ಸುತ್ತ ಜಾಲಿ ಐತಿ. ಟೈರಿಗೆ ಮುಳ್ಳು ನೆಟ್ಟು ಗಾಳಿ ಹೋತು.”

“ನಕ್ಷಿದಾಗ ಐತಲ್ಲೋ! ಸ್ವಲ್ಪ ಉತ್ತರಕ್ಕ ಸರಿದು ನೋಡು.”

“ಕೆರಿ ಎಲ್ಲಿಗಾರ ಸರಿದು ಹೋಗಿರ್ತೈತೇನ್ರಿ ಸರ?”

ಎರಡನೇ ಕುಂಟೆ ಇದ್ದಲ್ಲಿ ಸೈಟುಗಳ ಕಲ್ಲು ನೆಟ್ಟು, ಒಂದು ಸ್ವಾಗತ ಕಮಾನು ಕಟ್ಟಿದ್ದರು. ಮೂರನೆಯದರ ಮೇಲೆ ಕ್ರಿಕೆಟ್ ನಡೆದಿತ್ತು. ಉಚ್ಚಂಗೆಪ್ಪನಿಗೆ ಮೊದಮೊದಲು ಅಂಜಿನೇಯಲುವಿನ ಮೇಲೆ ಸಿಟ್ಟು ಬಂತು. ಇವನಿಗೆ ದಾರಿ ತಿಳಿಯುವುದಿಲ್ಲ ಎಂದುಕೊಂಡ. ಪ್ರವೀಣಕುಮಾರ್ ಮಾತ್ರ ಶಾಂತನಾಗಿದ್ದ. “ವ್ಯಾನು ಆ ಪಾಯಿಂಟಿಗೆ ಹೋಯ್ತು ತಾನೆ? ಹಾಗಾದರೆ ‘ಭೇಟಿ ಪೂರ್ಣ’ ಅಂತ ತುಂಬಿ ಸರ್” ಎಂದ. ಉಚ್ಚಂಗೆಪ್ಪ ತುಂಬಿದ. ತುಂಬಿದಲ್ಲೆಲ್ಲ ಕೆಂಪು ಬಿಂದು ಹಸಿರಾಗುತ್ತಿತ್ತು. ಕುರಿ ಇಲ್ಲದ ಕಡೆಗಳಲ್ಲಿ ಲಸಿಕೆ ಕಾರ್ಯಕ್ರಮ ಭರದಿಂದ ಸಾಗಿತು.

ಆ ವರ್ಷ ಮಳೆ ಬೇಗ ಬಂತು. ಗುಡೇಕೋಟೆಯ ಗುಡ್ಡಗಳು ವಾರದೊಳಗೆ ಹಸಿರಾದವು. ಒಂದು ಬೆಳಿಗ್ಗೆ ಅಂಜಿನೇಯಲು ವ್ಯಾನು ತಂದು ಉಚ್ಚಂಗೆಪ್ಪನ ಮನೆ ಮುಂದೆ ನಿಲ್ಲಿಸಿದ. ಹಾರ್ನ್ ಹೊಡೆಯಲಿಲ್ಲ.

“ಹತ್ರಿ ಸರ.”

“ಎಲ್ಲಿಗಪ?”

“ನಿಮ್ಮ ನಕ್ಷಿದಾಗ ಇಲ್ಲದ ಕಡಿಗೆ.”

ಗುಡೇಕೋಟೆ ದಾಟಿ ಕಲ್ಲುದಾರಿಯಲ್ಲಿ ಸ್ವಲ್ಪ ದೂರ ಹೋದಮೇಲೆ ಒಂದು ಕುರಿಹಟ್ಟಿ ಸಿಕ್ಕಿತು. ಕುರಿ ಕೂಡಿಹಾಕುವ ಬಲೆಯ ಆಚೆ ಹೊಟ್ಟೆ ಉಬ್ಬಿದ ಕುರಿಗಳು ಸತ್ತು ಬಿದ್ದಿದ್ದವು. ಹೆಚ್ಚಿನವು ಮರಿಗಳು, ನಿನ್ನೆವರೆಗೆ ಎಲ್ಲಕ್ಕಿಂತ ಚೆನ್ನಾಗಿ ಮೇಯುತ್ತಿದ್ದ ದಷ್ಟಪುಷ್ಟ ಮರಿಗಳು. ಕರುಳುಬೇನೆ ಆರಿಸುವುದು ಅಂಥವನ್ನೇ. ಒಂದು ತಾಯಿಕುರಿ ತನ್ನ ಮರಿಯನ್ನು ಮೂತಿಯಿಂದ ನೂಕಿ ನೂಕಿ ಏಳಿಸಲು ನೋಡುತ್ತಿತ್ತು.

ಹಟ್ಟಿಯ ಯಜಮಾನಿ ಓಬಮ್ಮ, ಐವತ್ತು ದಾಟಿದ ಹೆಂಗಸು, ಕಂಬಳಿಯ ಮೇಲೆ ಕೂತಿದ್ದಳು. ಅವಳ ಗಂಡ ಮೈಲಾರಲಿಂಗಪ್ಪ ತಗ್ಗು ತೋಡುತ್ತಿದ್ದ, ತಲೆ ಎತ್ತಿ ನೋಡಲಿಲ್ಲ.

“ಇವ್ರ ನೋಡಬೇ, ನಕ್ಷಿ ಮಾಡಿದ ಮಾಸ್ತರು” ಎಂದ ಅಂಜಿನೇಯಲು.

ಓಬಮ್ಮ ಅಳಲಿಲ್ಲ, ಬಯ್ಯಲೂ ಇಲ್ಲ. “ತೋರ್ಸು ತಮ್ಮಾ, ನೋಡಾನ” ಎಂದಳು.

ಉಚ್ಚಂಗೆಪ್ಪ ಲ್ಯಾಪ್‌ಟಾಪ್ ತೆರೆದ. ಹಸಿರು ಬಿಂದುಗಳು ಮಿನುಗಿದವು.

“ಈ ನೀಲಿ ಏನು?”

“ನೀರಬೇ.”

“ನಾವು ಎಲ್ಲಿ ಅದೀವಿ ಇದರಾಗ?”

ಅವನು ಆ ಜಾಗವನ್ನು ಹಿಗ್ಗಿಸಿದ. ಖಾಲಿ ಬಿಳಿ ಆವರಣ. ಕೋಷ್ಟಕದಲ್ಲಿ ‘ಉಪಯೋಗವಿಲ್ಲದ ಭೂಮಿ’ ಎಂದಿತ್ತು. ಅವನು ಆ ಸಾಲನ್ನು ಬೆರಳಿನಿಂದ ಮರೆ ಮಾಡಿದ. ಓಬಮ್ಮ ಪರದೆಯನ್ನು ನೋಡಿ, “ಅಷ್ಟ್ ನೀರು ಇಟ್ಕಂಡೀಯಲ್ಲ, ನಮ್ಮ ಕುರಿಗೆ ಒಂದ್ ಗುಟುಕು ಕುಡಿಸಿ ಹೋಗು” ಎಂದು ಎದ್ದು ಹೋದಳು.

ಉಚ್ಚಂಗೆಪ್ಪ ಅಲ್ಲೇ ಉಳಿದ. ಮೈಲಾರಲಿಂಗಪ್ಪನ ಕೈಯಿಂದ ಸಲಿಕೆ ಇಸಿದುಕೊಂಡು ತಗ್ಗು ತೋಡಿದ. ಭೂಗೋಳ ಕಲಿಸಲು ಶುರು ಮಾಡಿದ ಮೇಲೆ ಅವನು ಭೂಮಿಯನ್ನು ಮುಟ್ಟಿದ್ದು ಅದೇ ಮೊದಲು. ಮರಿಗಳನ್ನು ಎತ್ತಿ ಒಳಗಿಡುವಾಗ ಅವನ ಕಣ್ಣು ತುಂಬಿತು. ಅಂಜಿನೇಯಲು ಬೇರೆ ಕಡೆ ಮುಖ ತಿರುಗಿಸಿ ನಿಂತ.

ಉಳಿದ ಕುರಿಗಳನ್ನಾದರೂ ಉಳಿಸಬೇಕಿತ್ತು, ಆ ಗುಡ್ಡಗಳಲ್ಲಿ ಇನ್ನೂ ಎಷ್ಟೋ ಹಟ್ಟಿಗಳಿದ್ದವು. ಈ ಸಲ ಕಾಲಿನಿಂದಲೇ ನಕ್ಷೆ ಮಾಡುತ್ತೇನೆಂದು ಉಚ್ಚಂಗೆಪ್ಪ ಫೋನು ಹಿಡಿದು ಮೈಲಾರಲಿಂಗಪ್ಪನ ಹಿಂದೆ ಹೊರಟ. ಮೈಲಾರಲಿಂಗಪ್ಪ ಅವನನ್ನು ಬಂಡೆ ಹತ್ತಿಸಿದ, ಹಳ್ಳ ಹರಿಯುವ ಸರುವು ಇಳಿಸಿದ, ಇಲ್ಲಿ ನೀರು, ಅಲ್ಲಿ ಹಟ್ಟಿ ಎಂದು ಗಾಳಿಯಲ್ಲಿ ಕೈ ಮಾಡಿ ತೋರಿಸಿದ. ಉಚ್ಚಂಗೆಪ್ಪ ಭಕ್ತಿಯಿಂದ ಬಿಂದು ಹಾಕುತ್ತ ಹೋದ. ಸಂಜೆ ಹಟ್ಟಿಗೆ ಬಂದು ಪಾದದ ಬೊಬ್ಬೆ ನೋಡಿಕೊಳ್ಳುತ್ತ ತನ್ನ ಸಾಧನೆಯನ್ನು ಓಬಮ್ಮನಿಗೆ ಒಪ್ಪಿಸಿದ. ಅವಳು ಕೇಳಿದಳು, ಕೇಳಿ ಗಂಡನ ಕಡೆ ತಿರುಗಿದಳು.

“ಏನ್ಲೇ, ಕರಡಿ ಗವಿನೆಲ್ಲಾ ನೀರು ಅಂತ ತೋರಿಸಿಯೇನು ಮಾಸ್ತರಿಗೆ?”

ಮೈಲಾರಲಿಂಗಪ್ಪ ಸಂಕೋಚವಿಲ್ಲದೆ ಬೀಡಿ ಹಚ್ಚಿದ. “ಮತ್ತೇನ್ ಮಾಡ್ಲಿ? ಹಿಂದಕ ಒಬ್ಬಾತ ಹಿಂಗ ಫೋನ್ ಹಿಡ್ಕಂಡು ಬಂದ. ಅಣ್ಣ, ತಮ್ಮ ಅಂದ. ನೀರು ತೋರಿಸಿದೆ. ವರ್ಷ ತುಂಬದ್ರಾಗ ತಂತಿ ಬೇಲಿ ಬಂತು. ಈಗ ಆ ನೀರು ನಮ್ಮ ಕುರಿಗೆ ಪಟದಾಗಿನ ನೀರು ಆಗೈತಿ.”

ಉಚ್ಚಂಗೆಪ್ಪ ದಿನವಿಡೀ ಹಾಕಿದ ಬಿಂದುಗಳನ್ನು ನೋಡಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾನು ಕೂತಲ್ಲೇ ಸುಳ್ಳು ನೀರು ಬರೆದಿದ್ದ. ಈ ಮನುಷ್ಯ ಜೊತೆಗೆ ನಡೆದಾದರೂ ಸುಳ್ಳು ಹೇಳಿದ್ದ. ತಾನು ಹುಡುಕುತ್ತಿರುವುದು ನೀರನ್ನೇ ಏಕೆ ಎಂದು ಅವನಿಗೆ ಆಗ ಅನಿಸಿತು. ಲಸಿಕೆ ಹಾಕಬೇಕಾದ್ದು ಕುರಿಗೆ, ನೀರಿಗಲ್ಲ.

“ಯಜಮಾನ, ನಿಮ್ಮ ನೀರು ನನಗ ಬ್ಯಾಡ,” ಎಂದ. “ಹಟ್ಟಿ ಎಲ್ಲಿ ಅಂತಾನೂ ಬ್ಯಾಡ. ವ್ಯಾನು ಬರೋವಂಥ ರಸ್ತಿ ಮಗ್ಗಲಿಗೆ ನೀವೇ ಒಂದು ಜಾಗ ಹೇಳ್ರಿ, ಯಾವತ್ತು ಬರ್ತೀರಿ ಹೇಳ್ರಿ. ಅದೊಂದ ಬಿಂದು ಹಾಕ್ತೀನಿ. ಲಸಿಕಿ ಹಾಕಿದ ಮ್ಯಾಲೆ ಅಳಿಸ್ತೀನಿ.”

“ಅಳಿಸಾಕ ಬರ್ತೈತಾ ಅದರಾಗ?” ಎಂದು ಓಬಮ್ಮ ಕೇಳಿದಳು.

“ಬರ್ತೈತಿ. ನಾವು ಅಳಿಸಂಗಿಲ್ಲ, ಅಷ್ಟ.”

ಅವನು ಅಂದಿನ ಬಿಂದುಗಳನ್ನೆಲ್ಲ ಆರಿಸಿ, ಅವಳ ಎದುರಿಗೇ ಅಳಿಸಿದ. ಕರಡಿ ಗವಿಗಳು ಪರದೆಯಿಂದ ಹೋದವು. ಓಬಮ್ಮ ತನ್ನ ಫೋನು ತೆಗೆದು ಆಚೆ ಗುಡ್ಡದ ಹಟ್ಟಿಯವರಿಗೆ ಸುದ್ದಿ ಮುಟ್ಟಿಸಿದಳು, ಅವರು ಇನ್ನೊಬ್ಬರಿಗೆ ಮುಟ್ಟಿಸಿದರು. ರಸ್ತೆ ಪಕ್ಕದ ಹುಣಸೆಮರ, ಮುರಿದ ಬಸ್‌ಸ್ಟ್ಯಾಂಡು, ಒಂದು ಪಾಳು ಶಾಲೆ, ಹೀಗೆ ಕೆಲವು ಜಾಗ ನಿಶ್ಚಯವಾದವು. ಉಚ್ಚಂಗೆಪ್ಪ ಕೋಷ್ಟಕದಲ್ಲಿ ‘ಯಾವ ದಿನ’, ‘ಯಾರ ಕುರಿ’ ಎಂಬ ಹೊಸ ಕಾಲಮ್ಮುಗಳನ್ನು ಸೇರಿಸಿದ. ಹುಣಸೆಮರದ ಕೆಳಗೆ ವ್ಯಾನು ನಿಂತ ದಿನ ಗುಡ್ಡದ ಸಂದಿನಿಂದ ಕುರಿಗಳು ಇಳಿದು ಬಂದದ್ದನ್ನು ನೋಡಿ ಅಂಜಿನೇಯಲು, “ಸರ, ಬಂದ್ವು! ನಿಜವಾದ ಕುರಿ ಬಂದ್ವು!” ಎಂದು ಕೂಗಿದ. ಡಾಕ್ಟರು ಸೂಜಿ ಹಿಡಿದರು, ಉಚ್ಚಂಗೆಪ್ಪ ಕುರಿ ಹಿಡಿದ. ಒಂದು ಟಗರು ಅವನ ಮೊಣಕಾಲಿಗೆ ಗುದ್ದಿತು. ಎಲ್ಲ ಹಟ್ಟಿಗಳ ಕುರಿಯೂ ಬರಲಿಲ್ಲ. ನಂಬದವರು ನಂಬಲಿಲ್ಲ, ಅವರ ಕುರಿಗಳು ಇನ್ನಷ್ಟು ಸತ್ತವು. ಬಂದವುಗಳಲ್ಲಿ ಬಹುಪಾಲು ಉಳಿದವು.

ಹೊಸ ನಕ್ಷೆ ನೋಡಿ ಪ್ರವೀಣಕುಮಾರನ ಮುಖ ಸಣ್ಣಗಾಯಿತು. “ಇದರಲ್ಲಿ ನೀಲಿಯೇ ಇಲ್ಲವಲ್ಲ ಸರ್! ನಾಲ್ಕಾರು ಚುಕ್ಕಿ ಇಟ್ಟರೆ ಯಾರು ನೋಡ್ತಾರೆ?”

“ಕುರಿ ಬಂದ್ವಲ್ರಿ.”

“ಕುರಿ ಬರೋದು ಬೇರೆ, ರಿಪೋರ್ಟು ಬೇರೆ.”

ವರದಿ ಮುದ್ರಣವಾಗಿ ಬಂದಾಗ ಮುಖಪುಟದಲ್ಲಿ ಹಳೆಯ ನಕ್ಷೆಯೇ ಇತ್ತು, ಹೊಳೆಯುವ ಕಾಗದದ ಮೇಲೆ ಸಮುದ್ರದಂಥ ಕೂಡ್ಲಿಗಿ ತಾಲ್ಲೂಕು. ಯೋಜನೆ ಯಶಸ್ವಿ ಎಂದು ಸಾರಲಾಯಿತು. ಪ್ರವೀಣಕುಮಾರ್ ಬಡ್ತಿ ಪಡೆದು ಇನ್ನೂ ದೊಡ್ಡ ಏಸಿ ಕೋಣೆಗೆ ಹೋದ, ಅದೇ ಬೂಟು ಹಾಕಿಕೊಂಡು. ಉಚ್ಚಂಗೆಪ್ಪನಿಗೆ ಮುಂದಿನ ಯೋಜನೆಗೆ ಕರೆ ಬರಲಿಲ್ಲ. ಅವನಿಗೆ ಬಣ್ಣದ ಜ್ಞಾನ ಕಡಿಮೆಯಾಗಿದೆ ಎಂದು ಕಚೇರಿಯಲ್ಲಿ ಮಾತಾಯಿತಂತೆ.

ಅವನು ಕಾಲೇಜಿಗೆ ಮರಳಿದ, ಮತ್ತೆ ಅತಿಥಿಯಾಗಿ. ಈಗ ಲ್ಯಾಪ್‌ಟಾಪನ್ನು ಮನೆಯಿಂದಲೇ ಹೊತ್ತು ತರುತ್ತಾನೆ. ಇನ್ನೊಂದು ವ್ಯಾನಿನವರು ಈ ಸಲ ಮಳೆಗೆ ಮೊದಲೇ ಲಸಿಕೆ ಹಾಕಲು ಹೊರಟಿದ್ದಾರೆ, ಅದರಲ್ಲೂ ಅಂಜಿನೇಯಲುವೇ ಡ್ರೈವರು, ಅವನಿಗೆ ಬಿಂದು ಹಾಕಿಕೊಡುವವನು ಉಚ್ಚಂಗೆಪ್ಪನೇ. ಹಾಗಾಗಿ ಮೊನ್ನೆ ಪಾಠದ ನಡುವೆ ಓಬಮ್ಮನ ಫೋನು ಬಂತು. ಅವನು ತರಗತಿಯಲ್ಲೇ ಎತ್ತಿದ.

“ಮಾಸ್ತರ, ಹುಣಸಿಮರದತ್ರ ಬ್ಯಾಡ. ಅಲ್ಲಿ ನನ್ನ ನಾದಿನಿ ಕುರಿ ಬಿಟ್ಟಾಳ. ಆಕಿ ಮಕ ನೋಡಾಕ ಆಗಂಗಿಲ್ಲ ನನಗ. ಸೇತುವಿ ಹಂತ್ಯಾಕ ಹಾಕು.”

ಹುಡುಗರು ನಕ್ಕರು. ಉಚ್ಚಂಗೆಪ್ಪ ನಗದೆ ಪದರ ತೆರೆದು, ಬಿಂದುವನ್ನು ಹಿಡಿದು ರಸ್ತೆಯುದ್ದಕ್ಕೂ ಎಳೆದ.

“ಸೇತುವಿಗೆ ಈ ಕಡಿಗೋ, ಆ ಕಡಿಗೋ, ಅಮ್ಮಾ?”

“ಆ ಕಡಿ ನೆಳ್ಳು ಐತಿ. ಅಲ್ಲಿ.”

ಅವನು ಆ ಕಡೆಗೇ ಇಟ್ಟ.